ಚರ್ಮದ ಕೆಲಸ: ಉಳಿ, ಬಣ್ಣ, ಫಿನಿಶ್ ತಗೊಳೋ ಮುಂಚೆ ಕೇಳ್ಬೇಕಾದ ಒಂದು ಪ್ರಶ್ನೆ

2025ರ ಜೂನ್‌ನಲ್ಲಿ ಮಿಲಾನ್ ಫ್ಯಾಶನ್ ಶೋನಲ್ಲಿ ಪ್ರಾಡಾ ಕಂಪನಿ ನಮ್ಮ ಕೊಲ್ಹಾಪುರಿ ಚಪ್ಪಲಿ ತರದ್ದೇ ಚಪ್ಪಲಿ ತೋರ್ಸಿ, ಅದು ಎಲ್ಲಿಯದು ಅಂತ ಒಂದ್ ಮಾತೂ ಹೇಳ್ದೆ ಬಿಟ್ಟಿದ್ದಕ್ಕೆ ದೊಡ್ಡ ಗಲಾಟೆ ಆಯ್ತಲ್ಲ, ಆಮೇಲೆ ಅವ್ರೇ ಒಪ್ಕೊಂಡು ಡಿಸೆಂಬರ್‌ನಲ್ಲಿ ನಮ್ಮ ಲಿಡ್ಕರ್ ಮತ್ತೆ ಮಹಾರಾಷ್ಟ್ರದ ಲಿಡ್ಕಾಂ, ಅಂದ್ರೆ ಎರಡೂ ರಾಜ್ಯದ ಸರ್ಕಾರಿ ಚರ್ಮೋದ್ಯಮ ನಿಗಮಗಳ ಜತೆ ಒಪ್ಪಂದಾನೂ ಮಾಡ್ಕೊಂಡ್ರು. ಹೆಸರು ಕೊಲ್ಹಾಪುರಿ ಅಂತಿದ್ರೂ 2019ರಲ್ಲಿ ಸಿಕ್ಕ ಜಿಐ ಟ್ಯಾಗ್‌ನಲ್ಲಿ (ಇದು ಇಂತ ಊರಿನದೇ ವಸ್ತು ಅನ್ನೋ ಸರ್ಕಾರಿ ಗುರುತು) ಎಂಟು ಜಿಲ್ಲೆ ಇದೆ, ಅದ್ರಲ್ಲಿ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡ ನಾಲ್ಕೂ ನಮ್ದೇ. ಅಥಣಿ, ನಿಪ್ಪಾಣಿ ಕಡೆ ಸಮಗಾರ ಮನೆತನಗಳು ತಲೆತಲಾಂತರದಿಂದ ಮಾಡ್ಕೊಂಡು ಬಂದಿರೋ ಕೆಲಸ ಇದು.

ಈ ಸುದ್ದಿ ಓದಿ ಸುಮಾರು ಜನ ಅಸಲಿ ಚರ್ಮದ ಚಪ್ಪಲಿ ತರಿಸ್ಕೊಂಡ್ರು, ಇನ್ನೊಂದಷ್ಟು ಜನ ಆನ್‌ಲೈನ್‌ನಲ್ಲಿ ಲೆದರ್ ಕ್ರಾಫ್ಟ್ ಕಿಟ್ ತರಿಸಿ ಪರ್ಸ್, ಬೆಲ್ಟ್ ಮಾಡಕ್ಕೆ ಕೂತಿದಾರೆ. ಆಮೇಲೆ ಶುರು ಆಗತ್ತೆ ಪ್ರಶ್ನೆಗಳು. ಬಣ್ಣ ಕಾಲಿಗೆ ಹತ್ತತ್ತೆ ಯಾಕೆ, ಹಚ್ಚಿದ ಡೈ ಪಟ್ಟೆಪಟ್ಟೆಯಾಗಿ ಕೂತಿದೆ ಏನ್ ಮಾಡೋದು, ಅಂಚು ಎಷ್ಟು ಉಜ್ಜಿದ್ರೂ ನುಣ್ಣಗಾಗ್ತಿಲ್ಲ ಯಾಕೆ. ಇವೆಲ್ಲ ಬೇರೆಬೇರೆ ತೊಂದ್ರೆ ತರ ಕಾಣತ್ತೆ, ಆದ್ರೆ ಹೆಚ್ಚುಕಮ್ಮಿ ಎಲ್ಲಾದಕ್ಕೂ ಉತ್ತರ ಒಂದೇ ಪ್ರಶ್ನೆಯಿಂದ ಶುರು ಆಗತ್ತೆ: ನಿಮ್ಮ ಕೈಲಿರೋ ಚರ್ಮ ಹೇಗೆ ಹದ ಮಾಡಿದ್ದು?

ಹದ ಮಾಡೋದು ಅಂದ್ರೆ

ಸತ್ತ ದನದ ಹಸಿ ತೊಗಲನ್ನ ಹಾಗೇ ಬಿಟ್ರೆ ಕೊಳೆಯತ್ತೆ, ಒಣಗಿಸಿದ್ರೆ ಹಲಗೆ ತರ ಸೆಟೆದು ನಿಲ್ಲತ್ತೆ, ಮತ್ತೆ ನೆನೆದ್ರೆ ಮತ್ತೆ ಕೊಳೆಯತ್ತೆ. ತೊಗಲು ಅನ್ನೋದು ಕೊಲಾಜೆನ್ ಅನ್ನೋ ಪ್ರೋಟೀನಿನ ಎಳೆಗಳ ಹೆಣಿಗೆ. ಆ ಎಳೆಗಳಿಗೆ ಗಟ್ಟಿಯಾಗಿ ಅಂಟ್ಕೊಳೋ ಅಂತದ್ದೇನಾದ್ರೂ ಒಳಗೆ ಇಳಿಸಿದ್ರೆ ಕೊಳೆಸೋ ಬ್ಯಾಕ್ಟೀರಿಯಾಗೆ ಅಲ್ಲಿ ತಿನ್ನಕ್ಕೆ ಏನೂ ಸಿಗಲ್ಲ. ಹಾಗೆ ಇಳಿಸೋ ಕೆಲಸಾನೇ ಹದ ಮಾಡೋದು. ಹದ ಆದ್ಮೇಲೇ ತೊಗಲು ಚರ್ಮ ಆಗೋದು, ಅಂದ್ರೆ ಲೆದರ್.

ಇದನ್ನ ಮಾಡಕ್ಕೆ ಮುಖ್ಯವಾಗಿ ಎರಡು ದಾರಿ. ಹಳೇದು ಗಿಡಮರದ ಒಗರಿನಿಂದ ಮಾಡೋದು. ಜಾಲಿ ಮರದ ತೊಗಟೆ, ಅಳಲೆಕಾಯಿ, ತಂಗಡಿ ತೊಗಟೆ ಇದ್ರಲ್ಲೆಲ್ಲ ಟ್ಯಾನಿನ್ ಅನ್ನೋ ಒಗರು ಪದಾರ್ಥ ಇರತ್ತೆ, ಬಾಯಿಗೆ ಹಾಕ್ಕೊಂಡ್ರೆ ನಾಲಿಗೆ ಬಿಗಿಯತ್ತಲ್ಲ ಅದೇ. ಕೊಲ್ಹಾಪುರಿ ಚಪ್ಪಲಿಗೆ ಸಾಂಪ್ರದಾಯಿಕವಾಗಿ ಎಮ್ಮೆ ತೊಗಲನ್ನ ಚೀಲದ ತರ ಹೊಲಿದು, ಜಾಲಿ ತೊಗಟೆ ಮತ್ತೆ ಅಳಲೆಕಾಯಿ ನೀರನ್ನ ಒಳಗೆ ತುಂಬಿ ತೂಗುಹಾಕ್ತಾರೆ, ಆ ನೀರು ತೊಗಲಿನ ಮೂಲಕ ಜಿನುಗಿ ಜಿನುಗಿ ಕೆಳಗೆ ತೊಟ್ಟಿಕ್ಕತ್ತೆ, ಅದನ್ನೇ ಹಿಡಿದು ಮತ್ತೆ ಮೇಲಿಂದ ಹಾಕ್ತಾರೆ. ಇದು ವಾರಗಟ್ಟಲೆ ಕೆಲಸ. ಇದಕ್ಕೆ ಅಂಗಡಿಯವ್ರು ವೆಜ್ ಟ್ಯಾನ್ ಅಂತಾರೆ. ವೆಜ್ ಅಂದ್ರೆ ಸಸ್ಯಾಹಾರ ಅಂತಲ್ಲ ಮತ್ತೆ, ತೊಗಲು ಪ್ರಾಣಿದೇ.

ಎರಡನೇದು ಕ್ರೋಮ್. 19ನೇ ಶತಮಾನದ ಕೊನೇಲಿ ಚಾಲ್ತಿಗೆ ಬಂದಿದ್ದು, ಕ್ರೋಮಿಯಂ ಲವಣದ ನೀರಲ್ಲಿ ದೊಡ್ಡ ಡ್ರಮ್‌ನಲ್ಲಿ ತಿರುಗ್ಸಿದ್ರೆ ಒಂದೆರಡು ದಿನದಲ್ಲಿ ಹದ ಮುಗಿಯತ್ತೆ, ಚರ್ಮ ತಿಳಿ ನೀಲಿ ಬಣ್ಣದಲ್ಲಿ ಆಚೆ ಬರತ್ತೆ. ಮೆತ್ತಗಿರತ್ತೆ, ನೀರಿಗೆ ಅಷ್ಟು ಹೆದರಲ್ಲ, ಅಗ್ಗ ಬೇರೆ. ಇವತ್ತು ಶೂ, ಸೋಫಾ, ಜಾಕೆಟ್, ಹ್ಯಾಂಡ್‌ಬ್ಯಾಗ್‌ಗೆ ಹೋಗೋ ಚರ್ಮ ಬಹುಪಾಲು ಇದೇ.

ಎರಡ್ರಲ್ಲಿ ಯಾವ್ದೂ ಕೀಳಲ್ಲ. ಆದ್ರೆ ವೆಜ್ ಟ್ಯಾನ್‌ಗೆ ಮಾಡೋ ಕೆಲಸ ಕ್ರೋಮ್ ಮೇಲೆ ಮಾಡಿದ್ರೆ ಕೈ ನೋವು ಬಿಟ್ಟು ಏನೂ ಸಿಗಲ್ಲ. ಯೂಟ್ಯೂಬ್‌ನಲ್ಲಿ ನೋಡೋ ಕೆತ್ತನೆ, ಅಚ್ಚು ಒತ್ತೋದು, ಮರದ ಕಡ್ಡೀಲಿ ಅಂಚು ಉಜ್ಜಿ ಗಾಜಿನ ತರ ಹೊಳೆಸೋದು, ಇವೆಲ್ಲ ವೆಜ್ ಟ್ಯಾನ್ ಕೆಲಸಗಳೇ.

ಕೈಲಿರೋದು ಯಾವ್ದು ಅಂತ ಗೊತ್ತಾಗೋದು ಹೇಗೆ

ಮೊದ್ಲು ಕತ್ತರಿಸಿದ ಅಂಚು ನೋಡಿ. ವೆಜ್ ಟ್ಯಾನ್ ಒಳಗೆಲ್ಲ ಬಿಸ್ಕತ್ ಬಣ್ಣ ಇಲ್ಲಾ ಕಂದು ಇರತ್ತೆ. ಕ್ರೋಮ್‌ನಲ್ಲಿ ಎಷ್ಟೋ ಸಲ ಮಧ್ಯದಲ್ಲಿ ಬೂದುನೀಲಿ ಗೆರೆ ಕಾಣತ್ತೆ. ಆಮೇಲೆ ಮೂಲೇಲಿ ಒಂದ್ ಹನಿ ನೀರು ಬಿಡಿ, ಬಣ್ಣ ಹಚ್ದೇ ಇರೋ ವೆಜ್ ಟ್ಯಾನ್ ಆದ್ರೆ ಬೇಗ ಹೀರ್ಕೊಂಡು ಅಲ್ಲಿ ಕಪ್ಪಗಾಗತ್ತೆ, ಆ ಒದ್ದೆ ಜಾಗದಲ್ಲಿ ಉಗುರು ಒತ್ತಿದ್ರೆ ಗುರುತು ಹಾಗೇ ನಿಲ್ಲತ್ತೆ. ಕ್ರೋಮ್‌ನಲ್ಲಿ ಸ್ಪಂಜ್ ತರ ವಾಪಸ್ ಎದ್ದುಬಿಡತ್ತೆ. ಕೆಲವ್ರು ಸುಟ್ಟು ನೋಡಿ ಅಂತಾರೆ, ಅದು ಬೇಡ, ಕ್ರೋಮ್ ಚರ್ಮ ಸುಟ್ರೆ ಅದ್ರೊಳಗಿನ ಕ್ರೋಮಿಯಂ ವಿಷದ ರೂಪಕ್ಕೆ ತಿರುಗಬಹುದು.

ಲೇಬಲ್ ಬಗ್ಗೆನೂ ಒಂದ್ ಮಾತು. ತೊಗಲಿನ ಕೂದಲಿದ್ದ ಕಡೆಯ ಮೇಲ್ಪದರ ಉಜ್ಜದೆ ಹಾಗೇ ಇಟ್ಟಿದ್ರೆ ಫುಲ್ ಗ್ರೇನ್, ಅದೇ ಗಟ್ಟಿಮುಟ್ಟು. ಮೇಲ್ಪದರ ಸೀಳಿ ತೆಗೆದ್ಮೇಲೆ ಉಳಿಯೋದು ಸ್ಪ್ಲಿಟ್. ಚೂರುಪಾರು ಪುಡಿ ಮಾಡಿ ಅಂಟು ಹಾಕಿ ಹಾಳೆ ಮಾಡಿದ್ರೆ ಬಾಂಡೆಡ್, ಎರಡು ವರ್ಷಕ್ಕೆ ಪುಡಿಪುಡಿ ಉದುರೋದು ಇದೇ. ಜೆನ್ಯುಯಿನ್ ಲೆದರ್ ಅಂತ ಬರೆದಿದ್ರೆ ಅದ್ರಿಂದ ದರ್ಜೆ ಏನೂ ಗೊತ್ತಾಗಲ್ಲ, ಯಾವ್ದೋ ಒಂದು ಚರ್ಮ ಇದೆ ಅಂತಷ್ಟೇ.

ಚರ್ಮ ಮಾರೋದು ಚದರ ಅಡಿ ಲೆಕ್ಕದಲ್ಲಿ, ದಪ್ಪ ಹೇಳೋದು ಮಿಲಿಮೀಟರ್ ಇಲ್ಲಾ ಔನ್ಸ್‌ನಲ್ಲಿ. ಇಲ್ಲಿ ಔನ್ಸ್ ಅಂದ್ರೆ ತೂಕ ಅಲ್ಲ, ಒಂದು ಔನ್ಸ್ ಅಂದ್ರೆ ಸುಮಾರು 0.4 ಮಿಲಿಮೀಟರ್ ದಪ್ಪ. ಪರ್ಸ್‌ಗೆ 1ರಿಂದ 1.5 ಮಿಲಿಮೀಟರ್ ಸಾಕು, ಬೆಲ್ಟ್‌ಗೆ 3ರಿಂದ 4 ಬೇಕು. ಬೆಲ್ಟ್‌ಗೆ ಬೆನ್ನಿನ ಭಾಗ ಕೇಳಿ, ಹೊಟ್ಟೆ ಭಾಗ ಎಳೆದಷ್ಟು ಎಳೆಯತ್ತೆ, ಆರು ತಿಂಗಳಿಗೆ ಇನ್ನೊಂದು ತೂತು ಹೊಡಿಬೇಕಾಗತ್ತೆ.

ಉಪಕರಣ: ಕಮ್ಮಿ ತಗೊಳಿ, ಹರಿತವಾಗಿ ಇಟ್ಕೊಳಿ

ಆನ್‌ಲೈನ್ ಕಿಟ್‌ಗಳಲ್ಲಿ ಐವತ್ತು ಅರವತ್ತು ಪೀಸ್ ಇರತ್ತೆ, ಅದ್ರಲ್ಲಿ ನಿಜವಾಗ್ಲೂ ಕೈಗೆ ಬರೋದು ಏಳೆಂಟು. ಚೂಪಾದ ಕಟ್ಟರ್, ಸ್ಟೀಲ್ ಸ್ಕೇಲ್, ಕೆಳಗೆ ಹಾಸೋ ಕಟಿಂಗ್ ಮ್ಯಾಟ್, ಹೊಲಿಗೆ ತೂತಿಗೆ ಫೋರ್ಕ್ ತರ ಹಲ್ಲಿರೋ ಉಳಿ, ಮರದ ಇಲ್ಲಾ ನೈಲಾನ್ ಕೊಡತಿ, ಎರಡು ಮೊಂಡು ಸೂಜಿ, ಮೇಣ ಸವರಿದ ದಾರ, ಅಂಚು ಹೆರೆಯೋ ಬೆವೆಲರ್. ಇಷ್ಟಿದ್ರೆ ಪರ್ಸೂ ಆಗತ್ತೆ ಬೆಲ್ಟೂ ಆಗತ್ತೆ.

ನಮ್ಮ ಸಮಗಾರರ ಹತ್ರ ನೋಡಿ, ಇನ್ನೂ ಕಮ್ಮಿ ಇರತ್ತೆ. ರಂಪಿಗೆ ಒಂದ್ರಲ್ಲೇ ಕತ್ತರಿಸೋದು, ಹೆರೆಯೋದು, ಅಂಚು ತೆಳು ಮಾಡೋದು ಎಲ್ಲ ನಡೆಯತ್ತೆ, ಆರಿಯಿಂದ ತೂತು, ಸುತ್ತಿಗೆ, ಅಡಿಗಲ್ಲು, ಮುಗೀತು. ಆದ್ರೆ ಆ ರಂಪಿಗೆ ಮಧ್ಯಮಧ್ಯ ಸಾಣೆಕಲ್ಲಿಗೆ ಹೋಗ್ತಾನೇ ಇರತ್ತೆ, ಅದನ್ನ ನಾವು ಗಮನಿಸಲ್ಲ. ಮೊಂಡು ಬ್ಲೇಡ್ ಚರ್ಮನ ಕತ್ತರಿಸಲ್ಲ, ಮುಂದಕ್ಕೆ ತಳ್ಳತ್ತೆ, ನೀವು ಜೋರು ಹಾಕ್ತೀರ, ಆಗ್ಲೇ ಜಾರಿ ಎಡಗೈ ಬೆರಳಿಗೆ ಬರೋದು. ಸ್ನ್ಯಾಪ್ ಬ್ಲೇಡ್ ಕಟ್ಟರ್ ಆದ್ರೆ ತುದಿ ಮುರಿದು ಹೊಸದು ತೆಗೀರಿ, ಜಿಪುಣತನ ಬೇಡ. ಉಳಿ, ಚಾಕು ಆದ್ರೆ ಒಂದು ಪಟ್ಟಿ ಚರ್ಮನ ಮರದ ಹಲಗೆಗೆ ಅಂಟಿಸಿ ಹಸಿರು ಪಾಲಿಶಿಂಗ್ ಕಾಂಪೌಂಡ್ ತಿಕ್ಕಿ ಇಟ್ಕೊಳಿ, ಕೆಲಸದ ನಡುವೆ ಅದ್ರ ಮೇಲೆ ಹಿಂದಕ್ಕೆ ಎಳೀತಾ ಇರಿ, ಮುಂದಕ್ಕೆ ತಳ್ಳಿದ್ರೆ ಪಟ್ಟಿನೇ ಕತ್ತರಿಸಿ ಹೋಗತ್ತೆ.

ಉಳಿ ಹೊಡಿಯಕ್ಕೆ ಕಬ್ಬಿಣದ ಸುತ್ತಿಗೆ ಬಳಸ್ಬೇಡಿ, ಉಳಿ ತಲೆ ಚಪ್ಪಟೆಯಾಗಿ ಅರಳತ್ತೆ. ಹಲ್ಲಿನ ಅಂತರ 4 ಮಿಲಿಮೀಟರ್ ಇರೋದು ಮೊದಲ ಉಳಿಯಾಗಿ ಒಳ್ಳೇದು. ಹೊಡಿಯೋವಾಗ ಹಿಂದಿನ ಸಾಲಿನ ಕೊನೇ ತೂತಲ್ಲಿ ಮೊದಲ ಹಲ್ಲು ಕೂರಿಸಿ ಮುಂದಕ್ಕೆ ಹೋದ್ರೆ ಸಾಲು ನೇರ ಬರತ್ತೆ ಅಂತರಾನೂ ತಪ್ಪಲ್ಲ.

ಹೊಲಿಗೆ ಬಗ್ಗೆ. ಹೊಲಿಗೆ ಮಷೀನ್‌ನಲ್ಲಿ ಮೇಲೊಂದು ದಾರ ಕೆಳಗೊಂದು ದಾರ ಮಧ್ಯದಲ್ಲಿ ಕೊಂಡಿ ಹಾಕ್ಕೊಂಡಿರತ್ತೆ, ಒಂದು ಕಡೆ ಸವೆದು ಕಿತ್ರೆ ಪಕ್ಕದ್ದೂ ಸಡಿಲ ಆಗ್ತಾ ಹೋಗತ್ತೆ. ಕೈ ಹೊಲಿಗೇಲಿ ಒಂದೇ ದಾರದ ಎರಡೂ ತುದಿಗೆ ಸೂಜಿ ಇರತ್ತೆ, ಪ್ರತಿ ತೂತಲ್ಲೂ ಎರಡೂ ಸೂಜಿ ಎದುರುಬದುರಾಗಿ ದಾಟತ್ತೆ. ಒಂದು ಕಡೆ ದಾರ ಕಿತ್ತೋದ್ರೂ ಇನ್ನೊಂದು ಕಡೇದು ಹಿಡ್ಕೊಂಡಿರತ್ತೆ. ಇದಕ್ಕೆ ಸ್ಯಾಡಲ್ ಸ್ಟಿಚ್ ಅಂತಾರೆ. ಹೊಲಿಯೋ ಉದ್ದದ ನಾಲ್ಕು ಪಟ್ಟು ದಾರ ಮೊದ್ಲೇ ತಗೊಳಿ, ಕೊನೇ ನಾಲ್ಕು ತೂತಿಗೆ ದಾರ ಸಾಲದೆ ಹೋಗೋದಕ್ಕಿಂತ ಕಿರಿಕಿರಿ ಈ ಕೆಲಸದಲ್ಲಿ ಇನ್ನೊಂದಿಲ್ಲ. ಪ್ರತಿ ತೂತಲ್ಲೂ ಒಂದೇ ಸೂಜಿ ಮೊದಲು ಹೋಗ್ಬೇಕು, ಒಂದ್ಸಲ ಎಡ ಒಂದ್ಸಲ ಬಲ ಅಂತ ಮಾಡಿದ್ರೆ ಹೊಲಿಗೆ ವಕ್ರವಕ್ರ ಕಾಣತ್ತೆ.

ಡೈ ಬೇರೆ, ಪೇಂಟ್ ಬೇರೆ

ಇದು ಗೊತ್ತಿಲ್ದೇನೇ ಹೆಚ್ಚು ಚರ್ಮ ಹಾಳಾಗೋದು. ಗೋರಂಟಿಗೂ ನೈಲ್ ಪಾಲಿಶ್‌ಗೂ ಇರೋ ವ್ಯತ್ಯಾಸ ಅಂದ್ಕೊಳಿ: ಒಂದು ಒಳಗೆ ಇಳಿದು ಬಣ್ಣ ಕೊಡತ್ತೆ, ಇನ್ನೊಂದು ಮೇಲೆ ಪದರ ಆಗಿ ಕೂರತ್ತೆ. ಡೈ ಎಳೆಗಳ ಒಳಗೆ ಹೋಗೋದ್ರಿಂದ ಚರ್ಮದ ಸಹಜ ಗೆರೆ, ಕಲೆ ಎಲ್ಲ ಕಾಣ್ತಾನೇ ಇರತ್ತೆ, ತಿಳಿ ಬಣ್ಣದಿಂದ ಕಡು ಬಣ್ಣಕ್ಕೆ ಮಾತ್ರ ಹೋಗಬಹುದು, ಕಂದು ಚರ್ಮನ ಡೈ ಹಾಕಿ ಹಳದಿ ಮಾಡಕ್ಕಾಗಲ್ಲ. ಪೇಂಟ್ ಅಂದ್ರೆ ಪಿಗ್ಮೆಂಟ್, ಸಾಮಾನ್ಯವಾಗಿ ಅಕ್ರಿಲಿಕ್, ಕೆಳಗೇನಿದ್ರೂ ಮುಚ್ಚತ್ತೆ.

ಬಣ್ಣ ಹಚ್ದೇ ಇರೋ ವೆಜ್ ಟ್ಯಾನ್‌ಗೆ ಡೈ ಸರಿಹೋಗತ್ತೆ. ಅಂಗಡೀಲಿ ಸಿಗೋ ಕ್ರೋಮ್ ಶೂ, ಬ್ಯಾಗ್, ಸೋಫಾ ಮೇಲೆ ಮೊದ್ಲೇ ಒಂದು ಪ್ಲಾಸ್ಟಿಕ್ ತರದ ಪದರ ಇರತ್ತೆ, ಅದ್ರ ಮೇಲೆ ಡೈ ಹಾಕಿದ್ರೆ ಒಳಗೆ ಹೋಗಲ್ಲ, ಒರೆಸಿದ್ರೆ ಬಂದುಬಿಡತ್ತೆ. ಅಂತದ್ದಕ್ಕೆ ಅಸಿಟೋನ್ ಅದ್ದಿದ ಹತ್ತಿಯಿಂದ ಹಳೇ ಫಿನಿಶ್ ಒರೆಸಿ ತೆಗೆದು, ಲೆದರ್‌ಗೆ ಅಂತಲೇ ಮಾಡಿದ ಅಕ್ರಿಲಿಕ್ ಪೇಂಟನ್ನ ತೆಳ್ಳಗೆ ಮೂರ್ನಾಲ್ಕು ಕೋಟ್ ಹಾಕೋದೇ ದಾರಿ. ಗೋಡೆ ಪೇಂಟ್ ಆಗಲ್ಲ, ಮಡಚಿದ ಕಡೆ ಸೀಳು ಬಿಡತ್ತೆ. ಶೂ ಪಾಲಿಶೂ ಡೈ ಅಲ್ಲ, ಅದು ಮೇಣದಲ್ಲಿ ಸ್ವಲ್ಪ ಬಣ್ಣ.

ಡೈಗಳಲ್ಲಿ ಆಲ್ಕೋಹಾಲ್ ಬೇಸ್‌ದು, ವಾಟರ್ ಬೇಸ್‌ದು ಅಂತ ಇದೆ. ಆಲ್ಕೋಹಾಲ್‌ದು ಆಳಕ್ಕೆ ಇಳಿಯತ್ತೆ ಆದ್ರೆ ಸೆಕೆಂಡುಗಳಲ್ಲಿ ಒಣಗತ್ತೆ, ಒಣಗಿದ ಅಂಚಿನ ಮೇಲೆ ಮುಂದಿನ ಪಟ್ಟೆ ಬಿದ್ರೆ ಅಲ್ಲಿ ಎರಡು ಕೋಟ್ ಆದಂಗೆ, ಪಟ್ಟೆ ಬರೋದು ಇದಕ್ಕೇ. ವಾಟರ್ ಬೇಸ್‌ದು ವಾಸನೆ ಇಲ್ಲ, ನಿಧಾನಕ್ಕೆ ಒಣಗತ್ತೆ, ಹೊಸಬರಿಗೆ ಸುಲಭ, ಆದ್ರೆ ಬಣ್ಣ ಅಷ್ಟು ಆಳ ಇಳಿಯಲ್ಲ, ಒಣಗಿದ್ಮೇಲೆ ಚರ್ಮ ಸ್ವಲ್ಪ ಬಿರುಸಾಗತ್ತೆ.

ಪಟ್ಟೆ ಬರದೇ ಇರಕ್ಕೆ ಮೊದ್ಲು ಒದ್ದೆ ಸ್ಪಂಜಿನಿಂದ ಇಡೀ ಚರ್ಮನ ಸಮನಾಗಿ ತೇವ ಮಾಡಿ, ಡೈನ ಅದಕ್ಕೆ ಹೊಂದೋ ತಿನ್ನರ್‌ನಲ್ಲಿ ತೆಳು ಮಾಡಿ, ಹತ್ತಿ ಬನಿಯನ್ ಬಟ್ಟೆ ಉಂಡೆ ಮಾಡಿ ಅದ್ದಿ, ಸುತ್ತುಸುತ್ತಾಗಿ ತಿಕ್ಕಿ. ಒಂದೇ ಕೋಟಲ್ಲಿ ಕಡು ಬಣ್ಣ ತರಕ್ಕೆ ಹೋಗ್ಬೇಡಿ, ತೆಳು ಕೋಟ್ ಎರಡು ಮೂರು ಹಾಕಿ. ಒದ್ದೆ ಇದ್ದಾಗ ಬಣ್ಣ ಯಾವಾಗ್ಲೂ ಗಾಢ ಕಾಣತ್ತೆ, ಒಂದು ರಾತ್ರಿ ಬಿಟ್ಟು ಆಮೇಲೆ ತೀರ್ಮಾನ ಮಾಡಿ. ಅದೇ ಚರ್ಮದ ಚೂರಿನ ಮೇಲೆ ಮೊದ್ಲು ಪರೀಕ್ಷೆ ಮಾಡಿ, ಬೇರೆ ಚರ್ಮದ ಚೂರು ಲೆಕ್ಕಕ್ಕಿಲ್ಲ. ಕೈಗೆ ಗ್ಲೌಸ್ ಹಾಕ್ಕೊಳಿ, ಕಿಟಕಿ ತೆಗೆದಿಟ್ಕೊಳಿ, ಆಲ್ಕೋಹಾಲ್ ಡೈ ಹತ್ರ ದೀಪ, ಗ್ಯಾಸ್ ಒಲೆ ಯಾವ್ದೂ ಇರ್ಬಾರ್ದು.

ಬಣ್ಣ ಕಾಲಿಗೆ, ಪ್ಯಾಂಟಿಗೆ ಹತ್ತೋದು ಯಾಕೆ ಅಂದ್ರೆ ಒಳಗೆ ಇಳಿಯದೆ ಮೇಲೇ ಪುಡಿಯಾಗಿ ಉಳಿದಿರೋ ಡೈ. ಕಪ್ಪು, ಕಡು ನೀಲೀಲಿ ಇದು ಜಾಸ್ತಿ. ಪೂರ್ತಿ ಒಣಗಿದ್ಮೇಲೆ ಒಣ ಬಿಳಿ ಬಟ್ಟೇಲಿ ಉಜ್ಜಿ, ಬಟ್ಟೆಗೆ ಬಣ್ಣ ಬರೋದು ನಿಲ್ಲೋವರ್ಗೂ ಉಜ್ಜಿ, ತೋಳು ನೋಯತ್ತೆ, ನೋಯ್ಲಿ. ಆಮೇಲೆ ಫಿನಿಶ್.

ಅಡುಗೆಮನೆ ಕಪ್ಪು: ಕಬ್ಬಿಣ ಮತ್ತೆ ವಿನೆಗರ್

ಕಪ್ಪು ಬಣ್ಣ ಹತ್ತೋ ತಾಪತ್ರಯಾನೇ ಇಲ್ದಿರೋ ಹಳೇ ಉಪಾಯ ಒಂದಿದೆ. ಇದು ಬಣ್ಣ ಹಚ್ಚೋದಲ್ಲ, ಚರ್ಮದ ಒಳಗಿರೋ ಟ್ಯಾನಿನ್‌ನೇ ಕಪ್ಪು ಮಾಡೋದು. ಕಬ್ಬಿಣ ಮತ್ತೆ ಟ್ಯಾನಿನ್ ಸೇರಿದ್ರೆ ಕಪ್ಪು, ಅಳಲೆಕಾಯಿಯಿಂದ ಶಾಯಿ ಮಾಡ್ತಿದ್ದಿದ್ದೂ ಇದೇ ರಸಾಯನದಿಂದ.

ಸ್ಟೀಲ್ ವುಲ್ ತಗೊಳಿ, ಪಾತ್ರೆ ತಿಕ್ಕೋ ಸ್ಟೇನ್‌ಲೆಸ್ ಸ್ಕ್ರಬ್ಬರ್ ಅಲ್ಲ, ತುಕ್ಕು ಹಿಡಿಯೋ ಸಾದಾ ಕಬ್ಬಿಣದ್ದು. ಅದ್ರ ಮೇಲೆ ಎಣ್ಣೆ ಇರತ್ತೆ, ಅಸಿಟೋನ್ ಇಲ್ಲಾ ಸೋಪಿನ ನೀರಲ್ಲಿ ತೊಳೀರಿ. ಗಾಜಿನ ಬಾಟ್ಲಿಗೆ ಹಾಕಿ ಮುಳುಗೋಷ್ಟು ಬಿಳಿ ವಿನೆಗರ್ ಹಾಕಿ ಒಂದೆರಡು ವಾರ ಬಿಡಿ. ಮುಚ್ಚಳ ಬಿಗಿ ಮಾಡ್ಬೇಡಿ, ಕಬ್ಬಿಣ ಕರಗೋವಾಗ ಹೈಡ್ರೋಜನ್ ಗ್ಯಾಸ್ ಬರತ್ತೆ, ಬಿಗಿ ಮುಚ್ಚಿದ್ರೆ ಬಾಟ್ಲಿ ಒಡೆದೀತು. ಗುಳ್ಳೆ ನಿಂತು ವಿನೆಗರ್ ಘಾಟು ಇಳಿದ್ಮೇಲೆ ಕಾಫಿ ಫಿಲ್ಟರ್ ಪೇಪರಿನಲ್ಲಿ ಸೋಸಿ.

ಹಚ್ಚೋವಾಗ ನೋಡಕ್ಕೆ ಮಜಾ. ಸೋಸಿದ ನೀರು ನೋಡಕ್ಕೆ ಏನೂ ಇಲ್ಲ, ತಿಳಿ ಬೂದಿ ಬಣ್ಣ. ಚರ್ಮದ ಮೇಲೆ ಬ್ರಷ್ ಎಳೆದ ತಕ್ಷಣ ಬಿಸ್ಕತ್ ಬಣ್ಣ ಬೂದಿಗೆ ತಿರುಗತ್ತೆ, ಬೂದಿಯಿಂದ ನೇರಳೆ ಮಿಶ್ರ ನೀಲಿಗೆ, ಬ್ರಷ್ ತೊಳೆದಿಟ್ಟು ಬರೋಷ್ಟ್ರಲ್ಲಿ ಕಾಡಿಗೆ ಕಪ್ಪು. ಅಲ್ಲಲ್ಲಿ ಬೂದಿ ಉಳಿದ್ರೆ ಆ ಜಾಗದಲ್ಲಿ ಟ್ಯಾನಿನ್ ಕಮ್ಮಿ ಇದೆ ಅಂತ, ಗಟ್ಟಿ ಟೀ ಡಿಕಾಕ್ಷನ್ ಆರಿಸಿ ಹಚ್ಚಿ ಒಣಗಿಸಿ ಮತ್ತೊಂದು ಕೋಟ್ ಹಾಕಿ, ಟೀಯಲ್ಲೂ ಟ್ಯಾನಿನ್ ಇದೆ. ಆಮೇಲೆ ಒಂದು ಲೀಟರ್ ನೀರಿಗೆ ಒಂದೆರಡು ಚಮಚ ಅಡುಗೆ ಸೋಡಾ ಹಾಕಿ ಅದ್ರಲ್ಲಿ ಬೇಗ ಒರೆಸಿ, ಸಾದಾ ನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿ ಎಣ್ಣೆ ಕೊಡಿ. ಸೋಡಾ ಉಳಿದಿರೋ ಹುಳಿನ ತೆಗೆಯತ್ತೆ, ಆದ್ರೆ ಜಾಸ್ತಿ ಹಾಕಿದ್ರೆ ಸೋಡಾನೇ ಚರ್ಮನ ಬಿರುಸು ಮಾಡತ್ತೆ. ವಿನೆಗರ್ ವಾಸನೆ ಕೆಲವು ದಿನ ಇರತ್ತೆ, ಹೋಗತ್ತೆ. ಕ್ರೋಮ್ ಚರ್ಮದಲ್ಲಿ ಇದ್ಯಾವ್ದೂ ನಡೆಯಲ್ಲ, ಅಲ್ಲಿ ಕಪ್ಪಾಗಕ್ಕೆ ಟ್ಯಾನಿನ್ನೇ ಇಲ್ಲ.

ಇದೇ ಕಾರಣಕ್ಕೆ ಒದ್ದೆ ವೆಜ್ ಟ್ಯಾನ್ ಮೇಲೆ ಕಬ್ಬಿಣದ ಸುತ್ತಿಗೆ, ತುಕ್ಕು ಹಿಡಿದ ಸ್ಕೇಲ್ ಇಡ್ಬಾರ್ದು, ಮೊಳೆ ಡಬ್ಬಿ ಮುಟ್ಟಿದ ಕೈಯಲ್ಲಿ ಹಿಡಿದ್ರೂ ಕಪ್ಪು ಚುಕ್ಕೆ ಬೀಳತ್ತೆ. ಬಿದ್ದ ತಕ್ಷಣ ನಿಂಬೆರಸ ಹಚ್ಚಿ ಒರೆಸಿದ್ರೆ ಸುಮಾರಾಗಿ ಹೋಗತ್ತೆ.

ಫಿನಿಶ್: ಎಣ್ಣೆ, ಮೇಣ, ಕೋಟಿಂಗ್

ಫಿನಿಶ್ ಅನ್ನೋ ಒಂದೇ ಹೆಸರಲ್ಲಿ ಮೂರು ಕೆಲಸ ಸೇರ್ಕೊಂಡಿದೆ. ಎಣ್ಣೆ ಒಳಗೆ ಇಳಿದು ಎಳೆಗಳನ್ನ ಮೆತ್ತಗೆ ಇಡತ್ತೆ. ಡೈ, ನೀರು ಎರಡೂ ಚರ್ಮದ ಎಣ್ಣೆ ಎಳ್ಕೊಂಡು ಹೋಗೋದ್ರಿಂದ ಡೈ ಆದ್ಮೇಲೆ ಎಣ್ಣೆ ಕೊಡ್ಲೇಬೇಕು. ತುಂಬ ಜನ ಬಳಸೋದು ನೀಟ್ಸ್‌ಫುಟ್ ಆಯಿಲ್, ದನದ ಕಾಲಿನ ಮೂಳೆಯಿಂದ ತೆಗೆದಿದ್ದು. ತೆಳ್ಳಗೆ ಒಂದ್ ಕೈ ಸಾಕು, ಜಾಸ್ತಿ ಆದ್ರೆ ಚರ್ಮ ಬಟ್ಟೆ ತರ ಜೋಲತ್ತೆ, ಬಣ್ಣಾನೂ ಕಡು ಆಗತ್ತೆ. ಮನೇಲಿರೋ ಕಡಲೆಕಾಯಿ ಎಣ್ಣೆ, ಸೂರ್ಯಕಾಂತಿ ಎಣ್ಣೆ ಬೇಡ, ಕಮಟು ಹಿಡಿಯತ್ತೆ.

ಮೇಣ ಮೇಲೆ ಕೂತು ನೀರು ತಡೆಯತ್ತೆ, ಉಜ್ಜಿದ್ರೆ ಹೊಳಪು ಬರತ್ತೆ. ಜೇನುಮೇಣನ ಎಣ್ಣೆ ಜತೆ ಕಾಯಿಸಿ ಮಾಡಿದ ಮುಲಾಮು ವೆಜ್ ಟ್ಯಾನ್‌ಗೆ ಚೆನ್ನಾಗಿರತ್ತೆ, ಆದ್ರೆ ಇದು ಶಾಶ್ವತ ಅಲ್ಲ, ಮತ್ತೆಮತ್ತೆ ಹಚ್ತಿರ್ಬೇಕು. ಮೂರನೇದು ಕೋಟಿಂಗ್, ಅಕ್ರಿಲಿಕ್ ಇಲ್ಲಾ ಲ್ಯಾಕರ್. ಫೀಬಿಂಗ್ಸ್ ಕಂಪನಿಯ ರೆಸೊಲೀನ್ ಇದ್ರಲ್ಲಿ ಹೆಸರುವಾಸಿ. ಬಾಟ್ಲಿಯಿಂದ ಹಾಗೇ ಸುರಿದು ಹಚ್ಚಿದ್ರೆ ಪ್ಲಾಸ್ಟಿಕ್ ತರ ಹೊಳೆದು ಪಟ್ಟೆ ಬರತ್ತೆ, ಅರ್ಧಕ್ಕೆ ಅರ್ಧ ನೀರು ಬೆರೆಸಿ, ಸ್ಪಂಜ್ ಹಿಂಡಿ ತೆಳ್ಳಗೆ ಎರಡು ಕೋಟ್ ಹಾಕಿದ್ರೆ ಗೊತ್ತೇ ಆಗದಂಗೆ ಕೂರತ್ತೆ. ಬೆಲ್ಟ್, ಚಪ್ಪಲಿ ಬಾರು, ಬೆವರು ತಾಗೋ ಯಾವ್ದೇ ಕಡುಬಣ್ಣದ ವಸ್ತುಗೆ ಇದು ಬೇಕು.

ಕ್ರಮ ತಪ್ಪಿಸ್ಬೇಡಿ: ಡೈ, ಒಣಗೋದು, ಉಜ್ಜೋದು, ಎಣ್ಣೆ, ಒಂದು ದಿನ ಬಿಡೋದು, ಕೋಟಿಂಗ್, ಬೇಕಿದ್ರೆ ಕೊನೇಲಿ ಮೇಣ. ಮೇಣ ಮೊದ್ಲು ಹಾಕಿದ್ರೆ ಅದ್ರ ಮೇಲೆ ಅಕ್ರಿಲಿಕ್ ಹಿಡಿಯಲ್ಲ, ಹಪ್ಪಳೆ ಏಳತ್ತೆ.

ಅಂಚಿಗೂ ಹದದ ಲೆಕ್ಕಾನೇ. ವೆಜ್ ಟ್ಯಾನ್ ಅಂಚನ್ನ ಬೆವೆಲರ್‌ನಲ್ಲಿ ದುಂಡಗೆ ಮಾಡಿ, ಮರಳು ಕಾಗದದಲ್ಲಿ ಉಜ್ಜಿ, ಸ್ವಲ್ಪ ತೇವ ಮಾಡಿ ಇಲ್ಲಾ ನೆನೆಸಿದ ಗೋಂದ್ ಕತೀರಾ (ಗಿಡದಿಂದ ಬರೋ ಒಂದು ಅಂಟು) ಸವರಿ, ಗೀರು ತೋಡಿದ ಮರದ ಕಡ್ಡೀಲಿ ಬೇಗಬೇಗ ತಿಕ್ಕಿದ್ರೆ ಎಳೆಗಳು ಒತ್ಕೊಂಡು ಅಂಟಿ ಹೊಳಪು ಬರತ್ತೆ. ತುಂಬ ಒದ್ದೆ ಇದ್ರೆ ಅಂಚು ಅಣಬೆ ತರ ಅರಳತ್ತೆ, ಸ್ವಲ್ಪ ಆರಕ್ಕೆ ಬಿಡಿ. ಕ್ರೋಮ್ ಅಂಚು ಎಷ್ಟು ತಿಕ್ಕಿದ್ರೂ ಆಗಲ್ಲ, ಅದಕ್ಕೆ ಎಡ್ಜ್ ಪೇಂಟ್ ಅಂತ ಬರತ್ತೆ, ಹಚ್ಚಿ ಒಣಗಿಸಿ ಉಜ್ಜಿ ಮತ್ತೆ ಹಚ್ಚಿ.

ಮಳೆಗಾಲ

ಮಲೆನಾಡು, ಕರಾವಳಿ ಕಡೆ ಚರ್ಮಕ್ಕೆ ಬೂಷ್ಟು ಬರೋದು ಮಾಮೂಲಿ. ಬಂದ್ರೆ ಮನೆ ಹೊರಗೆ ತಗೊಂಡೋಗಿ ಒಣ ಬ್ರಷ್‌ನಲ್ಲಿ ಉದುರಿಸಿ, ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ ಬಟ್ಟೆ ಅದ್ದಿ ಹಿಂಡಿ ಒರೆಸಿ, ಫ್ಯಾನ್ ಗಾಳೀಲಿ ಒಣಗಿಸಿ ಎಣ್ಣೆ ಸ್ವಲ್ಪ ಕೊಡಿ. ಪ್ಲಾಸ್ಟಿಕ್ ಕವರಲ್ಲಿ ಕಟ್ಟಿಡೋದೇ ಬೂಷ್ಟಿಗೆ ಆಹ್ವಾನ, ಬಟ್ಟೆ ಚೀಲದಲ್ಲಿಡಿ, ಜತೆಗೆ ಹೊಸ ಶೂ ಡಬ್ಬೀಲಿ ಬರೋ ಸಿಲಿಕಾ ಪೊಟ್ಟಣ ಹಾಕಿ.

ಕೊಲ್ಹಾಪುರಿ ಚಪ್ಪಲಿ ವೆಜ್ ಟ್ಯಾನ್ ಆಗಿರೋದ್ರಿಂದ ನೀರು ಹೀರತ್ತೆ, ಮಳೇಲಿ ಹಾಕ್ಬಾರ್ದು ಅಂತ ಮಾರೋರೇ ಹೇಳ್ತಾರೆ. ನೆಂದೇ ಹೋದ್ರೆ ಬಿಸಿಲಿಗೆ, ಹೀಟರ್ ಮುಂದೆ, ಹೇರ್ ಡ್ರೈಯರ್‌ಗೆ ಹಿಡೀಬೇಡಿ, ಒದ್ದೆ ಚರ್ಮಕ್ಕೆ ಬಿಸಿ ತಾಗಿದ್ರೆ ಎಳೆಗಳು ಮುದುಡಿ ಅಟ್ಟೆ ಮೇಲಕ್ಕೆ ಬಾಗತ್ತೆ, ಆಮೇಲೆ ಸರಿ ಹೋಗಲ್ಲ. ನ್ಯೂಸ್‌ಪೇಪರ್ ಮೇಲಿಟ್ಟು ಸಮತಟ್ಟಾಗಿ ನೆರಳಲ್ಲಿ ಎರಡು ದಿನ ಒಣಗಿಸಿ, ಪೇಪರ್ ಒದ್ದೆ ಆದಂಗೆ ಬದಲಾಯ್ಸಿ, ಇನ್ನೂ ಚೂರು ತೇವ ಇದೆ ಅನ್ನೋವಾಗ್ಲೇ ತೆಳ್ಳಗೆ ಎಣ್ಣೆ ಸವರಿ, ಪೂರ್ತಿ ಒಣಗಿದ್ಮೇಲೆ ಹಾಕ್ಕೊಳಿ.